ಹುಬ್ಬಳ್ಳಿಯಿಂದ ವಿದೇಶಕ್ಕೆ ಉಡುಗೊರೆ: ಅಂಚೆಯೋ, ಕೊರಿಯರೋ, ಹೋಗುವವರ ಬ್ಯಾಗೋ?

ಮಗಳು ಲೀಡ್ಸ್‌ನಲ್ಲಿ, ಅಳಿಯನ ತಮ್ಮ ಟೊರೊಂಟೊದಲ್ಲಿ, ಗೆಳತಿ ಮೆಲ್ಬರ್ನ್‌ನಲ್ಲಿ. ಹಬ್ಬ ಹತ್ತಿರ ಬಂತೆಂದರೆ ಪಾರ್ಸಲ್ ಕೌಂಟರಿನಲ್ಲಿ ಎಲ್ಲರೂ ಮೊದಲು ಕೇಳುವುದು "ಕಿಲೋಕ್ಕೆ ಎಷ್ಟು?" ಎಂದು. ಕಡಿಮೆ ರೇಟು ಹೇಳಿದವರ ಕೈಗೆ ಡಬ್ಬಿ ಕೊಟ್ಟು ಬರುತ್ತಾರೆ. ಎಂಟು ದಿನ ಬಿಟ್ಟು ಆ ಕಡೆಯಿಂದ ಫೋನ್ ಬರುತ್ತದೆ: "ಅಮ್ಮಾ, ಸೀರೆ ಬಿಡಿಸಿಕೊಳ್ಳಲು 23 ಪೌಂಡ್ ಕಟ್ಟು ಅಂತಿದ್ದಾರೆ."

ಈ ಸುಂಕ ನಮ್ಮ ದೇಶದ್ದಲ್ಲ. ಉಡುಗೊರೆ ತಲುಪುವ ದೇಶ ಹಾಕುವ ಸುಂಕ, ಹೆಚ್ಚಿನ ಕಡೆ ಕಟ್ಟಬೇಕಾದವರೂ ಉಡುಗೊರೆ ತೆಗೆದುಕೊಳ್ಳುವವರೇ. ಭಾರತದ ಕಡೆಯಿಂದ ಕಾಯ್ದೆ ಸಡಿಲ: ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ವಸ್ತುಗಳನ್ನು ಉಡುಗೊರೆಯಾಗಿ ಹೊರದೇಶಕ್ಕೆ ಕಳಿಸಬಹುದು, ಅದಕ್ಕೆ ರಫ್ತು ಪರವಾನಗಿ ಬೇಕಿಲ್ಲ. ಹಾಗಾಗಿ ಅಂಚೆಯೋ ಕೊರಿಯರೋ ಎಂದು ತೀರ್ಮಾನಿಸುವ ಮೊದಲು ಮೂರು ಸಂಗತಿ ಗೊತ್ತಿರಬೇಕು: ಯಾವ ದೇಶ, ಡಬ್ಬಿಯಲ್ಲಿ ಬಟ್ಟೆಯೋ ತಿಂಡಿಯೋ, ಸುಂಕ ಬಂದರೆ ಕಟ್ಟುವವರು ಯಾರು. ಕಿಲೋ ರೇಟು ಆಮೇಲಿನ ಮಾತು.

ಮೊದಲು ದೇಶ ನೋಡಿ

ಬ್ರಿಟನ್ನಿನಲ್ಲಿ ಉಡುಗೊರೆಗೆ 39 ಪೌಂಡ್‌ವರೆಗೆ ವ್ಯಾಟೂ ಇಲ್ಲ, ಸುಂಕವೂ ಇಲ್ಲ. ನಮ್ಮ ಲೆಕ್ಕದಲ್ಲಿ ಅದು ಸುಮಾರು ನಾಲ್ಕೂವರೆ ಸಾವಿರ ರೂಪಾಯಿ. (ಇಲ್ಲಿನ ರೂಪಾಯಿ ಲೆಕ್ಕವೆಲ್ಲ ಅಂದಾಜು. ಕಳಿಸುವ ದಿನದ ದರ ನೋಡಿಕೊಳ್ಳಿ.) 39 ದಾಟಿದರೆ 20% ವ್ಯಾಟ್. 135 ಪೌಂಡ್ ದಾಟಿದರೆ ವ್ಯಾಟ್ ಜೊತೆಗೆ ಸುಂಕವೂ ಸೇರುತ್ತದೆ, 630 ಪೌಂಡ್‌ವರೆಗೆ ಅದು ಹೆಚ್ಚೆಂದರೆ 2.5%.

ಮೇಲಿನ 23 ಪೌಂಡ್ ಹೇಗೆ ಬಂತು ನೋಡಿ. ಇಳಕಲ್ ಸೀರೆಯ ಬೆಲೆ 55 ಪೌಂಡ್, ಸಾಗಣೆ ವೆಚ್ಚ 20 ಪೌಂಡ್ ಎಂದಿಟ್ಟುಕೊಳ್ಳಿ. ವ್ಯಾಟ್ ಬೀಳುವುದು ಸೀರೆಯ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆಯನ್ನೂ ಸೇರಿಸಿ 75 ಪೌಂಡ್ ಮೇಲೆ. ಅಂದರೆ 15 ಪೌಂಡ್. ಅದನ್ನು ಸರ್ಕಾರಕ್ಕೆ ಮುಂಗಡ ಕಟ್ಟಿ ವಸೂಲು ಮಾಡಿಕೊಡುವುದಕ್ಕೆ ಅಲ್ಲಿನ ಅಂಚೆ ಸಂಸ್ಥೆ ರಾಯಲ್ ಮೇಲ್ ತೆಗೆದುಕೊಳ್ಳುವ ಶುಲ್ಕ 8 ಪೌಂಡ್. ಒಟ್ಟು 23, ಹತ್ತಿರಹತ್ತಿರ 2,700 ರೂಪಾಯಿ.

ಇದೇ ಬ್ರಿಟನ್ನಿಗೆ ಒಂದೇ ಡಬ್ಬಿಯಲ್ಲಿ 34 ಪೌಂಡಿನ ಎರಡು ಸೀರೆ ಹೋಗಿ, ಒಂದು ಮಗಳಿಗೆ, ಇನ್ನೊಂದು ಅವಳ ಅತ್ತೆಗೆ ಎಂದಾದರೆ ಒಂದು ಪೆನ್ನಿಯೂ ಬೀಳುವುದಿಲ್ಲ. ಷರತ್ತು ಮೂರು: ಎರಡೂ ಬೇರೆ ಬೇರೆ ಸುತ್ತಿರಬೇಕು, ಪ್ರತಿಯೊಂದರ ಮೇಲೆ ಯಾರಿಗೆಂದು ಹೆಸರಿರಬೇಕು, ಕಸ್ಟಮ್ಸ್ ಫಾರ್ಮಿನಲ್ಲಿ ಎರಡು ಸಾಲಾಗಿ ಬೇರೆ ಬೇರೆ ಬೆಲೆ ಬರೆದಿರಬೇಕು. ಒಂದೇ ಸಾಲಿನಲ್ಲಿ "ಸೀರೆ 2, 68 ಪೌಂಡ್" ಎಂದು ಬರೆದರೆ ಮುಗಿಯಿತು, ಪೂರ್ತಿ ಡಬ್ಬಿಗೆ ವ್ಯಾಟ್.

ಜರ್ಮನಿ ಸೇರಿ ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಉಡುಗೊರೆಯ ಮಿತಿ 45 ಯೂರೋ. ಕೆನಡಾದ ನಿಯಮ ಸ್ವಲ್ಪ ಮೆತ್ತಗೆ: 60 ಕೆನಡಾ ಡಾಲರ್‌ವರೆಗೆ ಏನೂ ಇಲ್ಲ, ದಾಟಿದರೆ ದಾಟಿದ ಭಾಗಕ್ಕೆ ಮಾತ್ರ ತೆರಿಗೆ. 100 ಡಾಲರಿನ ಉಡುಗೊರೆಯಾದರೆ ಲೆಕ್ಕ 40ಕ್ಕೆ. ಬ್ರಿಟನ್ನಿನಲ್ಲಿ ಹಾಗಲ್ಲ, ಗೆರೆ ದಾಟಿದರೆ ಪೂರ್ತಿ ಮೊತ್ತಕ್ಕೆ. ಕೆನಡಾಕ್ಕೆ ಕಳಿಸುವ ಡಬ್ಬಿಯೊಳಗೆ ಉಡುಗೊರೆ ಎಂದು ತಿಳಿಸುವ ಒಂದು ಕಾರ್ಡು ಇರಲೇಬೇಕು. ಅದಿಲ್ಲದಿದ್ದರೆ 60ರ ವಿನಾಯಿತಿ ಕೈತಪ್ಪುವ ಸಂಭವ ಇದೆ. ತೆರಿಗೆ ಬಿದ್ದರೆ ಕೆನಡಾ ಪೋಸ್ಟ್ ತನ್ನ ಕೂಲಿ 9.95 ಡಾಲರ್ ಸೇರಿಸುತ್ತದೆ.

ಸುಂಕದ ಮಟ್ಟಿಗೆ ಎಲ್ಲರಿಗಿಂತ ಉದಾರಿ ಆಸ್ಟ್ರೇಲಿಯಾ. 1,000 ಆಸ್ಟ್ರೇಲಿಯನ್ ಡಾಲರ್‌ವರೆಗಿನ ಖಾಸಗಿ ಉಡುಗೊರೆಗೆ ಗಡಿಯಲ್ಲಿ ಏನೂ ಕೇಳುವುದಿಲ್ಲ, ಮದ್ಯ ಮತ್ತು ತಂಬಾಕು ಬಿಟ್ಟು. ಆದರೆ ತಿಂಡಿಯ ವಿಷಯದಲ್ಲಿ ಅಷ್ಟೇ ಕಟ್ಟುನಿಟ್ಟು. ಸಿಂಗಪುರದಲ್ಲಿ ಸಾಗಣೆ ವೆಚ್ಚ ಸೇರಿ 400 ಸಿಂಗಪುರ ಡಾಲರ್ ಗೆರೆ, ದಾಟಿದರೆ 9% ಜಿಎಸ್‌ಟಿ. ಯುಎಇಯಲ್ಲಿ 300 ದಿರ್ಹಾಮ್, ಅಂದರೆ ಏಳು ಸಾವಿರ ರೂಪಾಯಿ ಆಸುಪಾಸು.

ಇನ್ನು ಅಮೆರಿಕ. 800 ಡಾಲರ್‌ವರೆಗೆ ಏನು ಕಳಿಸಿದರೂ ಸುಂಕವಿಲ್ಲ ಎಂಬ ಹಳೆಯ ಮಾತು 2025ರ ಆಗಸ್ಟ್ 29ರಿಂದ ನಿಂತುಹೋಗಿದೆ. ಕೊರಿಯರ್ ಅಂಗಡಿಗಳಲ್ಲಿ ಇನ್ನೂ ಅದನ್ನೇ ಹೇಳುವವರಿದ್ದಾರೆ, ನಂಬಬೇಡಿ. ಉಳಿದಿರುವುದು ನಿಜವಾದ ಉಡುಗೊರೆಗಿರುವ 100 ಡಾಲರ್ ವಿನಾಯಿತಿ. ಬೆಲೆ ಎಂದರೆ ಕಳಿಸುವ ದೇಶದ ಅಂಗಡಿ ಬೆಲೆ: ಹುಬ್ಬಳ್ಳಿಯಲ್ಲಿ 6,000 ರೂಪಾಯಿಗೆ ಸಿಕ್ಕ ಸೀರೆಗೆ 6,000ವೇ ಲೆಕ್ಕ, ಅದು ಅಲ್ಲಿನ ಅಂಗಡಿಯಲ್ಲಿ ಎಷ್ಟಕ್ಕೆ ಮಾರಿದರೂ ಸರಿ. ಮಿತಿ ಒಬ್ಬರಿಗೆ ಒಂದು ದಿನಕ್ಕೆ. ಒಂದೇ ವಿಳಾಸಕ್ಕೆ, ಒಂದೇ ಹೆಸರಿಗೆ ನಾಲ್ಕು ಪಾರ್ಸಲ್ ಮಾಡಿ ಒಂದೇ ದಿನ ಕಳಿಸುವ ಉಪಾಯ ನಡೆಯುವುದಿಲ್ಲ, ನಾಲ್ಕೂ ಒಂದೇ ದಿನ ಇಳಿದರೆ ನಾಲ್ಕನ್ನೂ ಕೂಡಿಸುತ್ತಾರೆ. ಮನೆಮಂದಿಗೆಲ್ಲ ಒಂದೇ ಡಬ್ಬಿಯಾದರೆ ಬ್ರಿಟನ್ನಿನಂತೆಯೇ ಒಬ್ಬೊಬ್ಬರದು ಬೇರೆ ಸುತ್ತಿ, ಹೆಸರು ಬರೆದು, ಹೊರಗೆ 'ಕನ್ಸಾಲಿಡೇಟೆಡ್ ಗಿಫ್ಟ್ ಪ್ಯಾಕೇಜ್' ಎಂದು ಇಂಗ್ಲಿಷ್‌ನಲ್ಲಿ ಬರೆಯಿರಿ. ಒಬ್ಬರಿಗೇ ಆದರೆ 'ಅನ್‌ಸಾಲಿಸಿಟೆಡ್ ಗಿಫ್ಟ್' (ಅವರು ಕೇಳದೆ ಕಳಿಸಿದ ಉಡುಗೊರೆ), ಜೊತೆಗೆ ಒಳಗಿನ ವಸ್ತು ಮತ್ತು ಬೆಲೆ. ಆಲ್ಕೊಹಾಲ್ ಬೆರೆತ ಸೆಂಟು ಸಾಮಾನ್ಯವಾಗಿ ಈ ವಿನಾಯಿತಿಗೆ ಸೇರುವುದಿಲ್ಲ.

100 ಡಾಲರ್ ದಾಟಿದ ಅಮೆರಿಕದ ಪಾರ್ಸಲ್ಲಿಗೆ ಇನ್ನೊಂದು ವ್ಯತ್ಯಾಸವಿದೆ. ಭಾರತೀಯ ಅಂಚೆ 2025ರ ಆಗಸ್ಟ್ ಕೊನೆಗೆ ಅಮೆರಿಕದ ಸೇವೆ ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಶುರು ಮಾಡಿತು. ಅಂದಿನಿಂದ ಸುಂಕವನ್ನು ಬುಕಿಂಗ್ ಕೌಂಟರಿನಲ್ಲೇ ಕಳಿಸುವವರಿಂದ ಮುಂಗಡ ತೆಗೆದುಕೊಳ್ಳುವ ಪದ್ಧತಿ ಬಂತು. ಅಮೆರಿಕದ ಸುಂಕದ ದರ ಪದೇ ಪದೇ ಬದಲಾಗುವಂಥದ್ದು. ಹಿಂದಿನ ತಿಂಗಳು ಪಕ್ಕದ ಮನೆಯವರು ಕಟ್ಟಿದ ಮೊತ್ತ ನಿಮಗೆ ಅಳತೆಗೋಲಲ್ಲ, ಬುಕ್ ಮಾಡುವ ದಿನ ಕೇಳಿಯೇ ದುಡ್ಡು ತೆಗೆಯಿರಿ.

ಅಂಚೆ

ಬಟ್ಟೆ, ಕಸೂತಿ, ಪುಸ್ತಕ, ಸಣ್ಣ ಕರಕುಶಲ ವಸ್ತು, ಮೂರು ಕಿಲೋ ಒಳಗಿನ ಉಡುಗೊರೆ: ನಮ್ಮ ಮೊದಲ ಆಯ್ಕೆ ಅಂಚೆ. ಕಾರಣ ಅಗ್ಗ ಎಂಬುದಷ್ಟೇ ಅಲ್ಲ. ಕಳಿಸುವವರು ವ್ಯಕ್ತಿ, ಪಡೆಯುವವರು ವ್ಯಕ್ತಿ ಎಂಬುದು ಅಂಚೆಯ ಫಾರ್ಮಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಉಡುಗೊರೆ ವಿನಾಯಿತಿ ಸಿಗುವುದು ಅದರ ಮೇಲೆ. ಸುಂಕ ಬಿದ್ದರೂ ಆ ಕಡೆಯ ಅಂಚೆಯ ವಸೂಲಿ ಶುಲ್ಕ ಸಾಮಾನ್ಯವಾಗಿ ಕೊರಿಯರಿನದಕ್ಕಿಂತ ಕಡಿಮೆ.

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಯಾವ ಪ್ರಧಾನ ಅಂಚೆ ಕಚೇರಿಯಲ್ಲಾದರೂ ಅಂತರರಾಷ್ಟ್ರೀಯ ಸ್ಪೀಡ್ ಪೋಸ್ಟ್ ಬುಕ್ ಮಾಡಬಹುದು. ಕಸ್ಟಮ್ಸ್ ತಪಾಸಣೆ ಇಲ್ಲಿ ನಡೆಯುವುದಿಲ್ಲ, ಮಹಾನಗರದ ವಿದೇಶಿ ಅಂಚೆ ಕಚೇರಿಯಲ್ಲಿ ನಡೆಯುತ್ತದೆ. ಅಲ್ಲಿ ತಗಾದೆ ಬಂದರೆ ನೀವು ಎದುರಿಗೆ ಇರುವುದಿಲ್ಲ, ನಿಮ್ಮ ಪರವಾಗಿ ಮಾತಾಡುವುದು ಫಾರ್ಮು ಮಾತ್ರ. ಹಗುರ ಪೊಟ್ಟಣಕ್ಕೆ ಸ್ಪೀಡ್ ಪೋಸ್ಟಿಗಿಂತ ಅಗ್ಗದ ಟ್ರ್ಯಾಕ್ಡ್ ಪ್ಯಾಕೆಟ್ ಸೇವೆಯೂ ಇದೆ, ಎಲ್ಲ ದೇಶಕ್ಕಿಲ್ಲ. ಗರಿಷ್ಠ ತೂಕ ದೇಶದಿಂದ ದೇಶಕ್ಕೆ ಬೇರೆ, ಭಾರದ ಡಬ್ಬಿಯಾದರೆ ಮೊದಲೇ ಕೇಳಿಕೊಳ್ಳಿ. ಟೇಪ್ ಬಿಗಿದುಕೊಂಡು ಹೋಗಬೇಡಿ, ಕೌಂಟರಿನಲ್ಲಿ ಒಳಗೇನಿದೆ ತೋರಿಸು ಎನ್ನುತ್ತಾರೆ. ಆಧಾರ್ ಪ್ರತಿ ಜೇಬಿನಲ್ಲಿರಲಿ.

ಫಾರ್ಮು ಎಂದರೆ ಸಿಎನ್ 22 ಅಥವಾ ಸಿಎನ್ 23, ಹೆಚ್ಚು ಬೆಲೆಯದಕ್ಕೆ 23. ಎಡವುವುದೆಲ್ಲ ಇಲ್ಲೇ. ವಸ್ತುವಿನ ವಿವರಣೆ ಎಂಬ ಕಡೆ "ಗಿಫ್ಟ್ ಐಟಮ್ಸ್" ಎಂದು ಬರೆಯುವುದು ನಮ್ಮಲ್ಲಿ ರೂಢಿ. ಈಗ ಈ ಮಾಹಿತಿ ಪಾರ್ಸಲ್ಲಿಗಿಂತ ಮುಂಚೆ ಕಂಪ್ಯೂಟರಿನಲ್ಲಿ ಆ ದೇಶ ತಲುಪುತ್ತದೆ, ಯುರೋಪಿನಲ್ಲಂತೂ ಇಂಥ ಮೋಘಂ ವಿವರಣೆಯ ಪಾರ್ಸಲ್ಲನ್ನು ತಡೆಯುತ್ತಾರೆ. "ಹೆಂಗಸರ ಹತ್ತಿ ಸೀರೆ, ಕೈಮಗ್ಗ, 1, 0.6 ಕಿಲೋ, 3,800 ರೂಪಾಯಿ, ಭಾರತ" ಎಂಬಷ್ಟು ಬಿಡಿಸಿ ಇಂಗ್ಲಿಷ್‌ನಲ್ಲಿ ಬರೆಯಿರಿ. ಎಚ್‌ಎಸ್ ಕೋಡ್, ಅಂದರೆ ವಸ್ತು ಯಾವ ಬಗೆಯದೆಂದು ಕಸ್ಟಮ್ಸ್‌ನವರಿಗೆ ಹೇಳುವ ಸಂಖ್ಯೆ, ಕೇಳಿದರೆ ಗಾಬರಿ ಬೇಡ. ನಮ್ಮ ಕಡೆಯ ವಸ್ತುಗಳಿಗೆ ಮೊದಲ ನಾಲ್ಕು ಅಂಕಿ: ರೇಷ್ಮೆ ಬಟ್ಟೆ 5007, ಹತ್ತಿ ಬಟ್ಟೆ 5208, ಜಮಖಾನೆ 5702, ಒಣ ಮೆಣಸಿನಕಾಯಿ ಹಾಗೂ ಅದರ ಪುಡಿ 0904, ಕೃತಕ ಆಭರಣ 7117, ಆಟಿಕೆ 9503. ವರ್ಗ ಎಂಬಲ್ಲಿ 'ಗಿಫ್ಟ್' ಚೌಕಕ್ಕೆ ಗುರುತು. ಪಡೆಯುವವರ ಮೊಬೈಲ್ ನಂಬರ್ ಮತ್ತು ಇಮೇಲ್ ಬಿಡಬೇಡಿ, ಸುಂಕ ಕಟ್ಟುವ ಸೂಚನೆ ಹೋಗುವುದೇ ಅದಕ್ಕೆ. ಅದೇ ನೆಪದಲ್ಲಿ ಮೋಸದ ಎಸ್‌ಎಂಎಸ್‌ಗಳೂ ಓಡಾಡುತ್ತವೆ. ಹಣ ಕಟ್ಟುವ ಮೊದಲು ಟ್ರ್ಯಾಕಿಂಗ್ ನಂಬರನ್ನು ಅಲ್ಲಿನ ಅಂಚೆಯ ವೆಬ್‌ಸೈಟಿನಲ್ಲಿ ತಾವೇ ಹಾಕಿ ನೋಡುವಂತೆ ಅವರಿಗೆ ಹೇಳಿ.

ಬೆಲೆ ಕಡಿಮೆ ಬರೆಯುವುದರ ಬಗ್ಗೆ: ಬರೆಯಬೇಡಿ. ರೇಷ್ಮೆ ಸೀರೆಗೆ 300 ರೂಪಾಯಿ ಎಂದರೆ ಯಾವ ಕಸ್ಟಮ್ಸ್ ಅಧಿಕಾರಿಯೂ ನಂಬುವುದಿಲ್ಲ, ತಾನೇ ಒಂದು ಬೆಲೆ ಕಟ್ಟುತ್ತಾನೆ, ಅದು ನೀವು ಕೊಟ್ಟದ್ದಕ್ಕಿಂತ ಹೆಚ್ಚೇ ಇರುತ್ತದೆ. ಪಾರ್ಸಲ್ ಕಳೆದರೆ ಪರಿಹಾರವೂ 300ರ ಲೆಕ್ಕದಲ್ಲೇ. ಅಂಗಡಿಯ ಬಿಲ್ ಒಂದು ಪ್ರತಿ ಹೊರಗಿನ ಚೀಲದಲ್ಲಿ ಇಟ್ಟರೆ ವಾದಕ್ಕೆ ಎಡೆಯೇ ಇರುವುದಿಲ್ಲ.

ಕೊರಿಯರ್, ದೊಡ್ಡದು ಮತ್ತು ಗಲ್ಲಿಯದು

ಡಿಎಚ್‌ಎಲ್, ಫೆಡೆಕ್ಸ್‌ನಂಥ ಎಕ್ಸ್‌ಪ್ರೆಸ್ ಕಂಪನಿಗಳ ಗಟ್ಟಿತನ ವೇಗ ಮತ್ತು ಖಚಿತತೆ. ಶುಕ್ರವಾರ ಮದುವೆ, ಸೋಮವಾರ ಕಳಿಸುತ್ತಿದ್ದೀರಿ ಎಂದರೆ ಬೇರೆ ದಾರಿಯಿಲ್ಲ. ಇನ್ನೊಂದು ಅನುಕೂಲ, ಸುಂಕವನ್ನು ಕಳಿಸುವವರೇ ಕಟ್ಟುವ ಆಯ್ಕೆ ಇದೆ. ಅದಕ್ಕೆ ಬೇರೆ ಶುಲ್ಕವಿದೆ, ಆದರೂ ಬೆಲೆಬಾಳುವ ಉಡುಗೊರೆಗೆ ನಾವು ಅದನ್ನೇ ಹೇಳುತ್ತೇವೆ. ಬೀಗರ ಮನೆಗೆ ಸೀರೆ ಕಳಿಸಿ, ಬಾಗಿಲಲ್ಲಿ ಅವರಿಂದಲೇ ತೆರಿಗೆ ಕಟ್ಟಿಸುವುದು ಚೆನ್ನಾಗಿರುವುದಿಲ್ಲ.

ಕೊರಿಯರಿನ ತೂಕದ ಲೆಕ್ಕ ಬೇರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ, ಆ ಅಂಕಿ ಮತ್ತು ನಿಜವಾದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್. ಅಜ್ಜಿ ಹೊಲಿದ ಕೌದಿಯನ್ನು 45, 35, 30 ಸೆಂಟಿಮೀಟರಿನ ಡಬ್ಬಿಗೆ ತುಂಬಿದರೆ ತಕ್ಕಡಿಯಲ್ಲಿ 3 ಕಿಲೋ, ಬಿಲ್ಲಿನಲ್ಲಿ 9.45 ಕಿಲೋ. ಅದೇ ಕೌದಿಯನ್ನು ಗಾಳಿ ಎಳೆಯುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಎತ್ತರವನ್ನು 12 ಸೆಂಟಿಮೀಟರಿಗೆ ಇಳಿಸಿದರೆ 3.78 ಕಿಲೋ. ನವಲಗುಂದದ ಜಮಖಾನೆಗೂ ಇದೇ ಮಾತು, ಆದರೆ ಅದನ್ನು ಮಡಿಸುವ ಬದಲು ಬಿಗಿಯಾಗಿ ಸುರುಳಿ ಸುತ್ತಿ. ಡಬ್ಬಿ ಮನೆಯಲ್ಲೇ ಅಳೆದುಕೊಂಡು ಹೋದವರಿಗೆ ಕೌಂಟರಿನಲ್ಲಿ ಎದೆ ಧಸಕ್ ಎನ್ನುವುದಿಲ್ಲ.

ಗಲ್ಲಿಗೊಂದಿರುವ "ಫಾರಿನ್ ಕೊರಿಯರ್" ಏಜೆಂಟರ ರೇಟು ದೊಡ್ಡ ಕಂಪನಿಗಿಂತ ಗಣನೀಯವಾಗಿ ಕಡಿಮೆ. ಅವರು ಹತ್ತಾರು ಜನರ ಡಬ್ಬಿ ಕೂಡಿಸಿ ಮುಂಬೈಗೋ ದೆಹಲಿಗೋ ಕಳಿಸಿ, ಅಲ್ಲಿಂದ ಸಗಟು ದರದಲ್ಲಿ ಸಾಗಿಸುತ್ತಾರೆ. ಅದರಲ್ಲಿ ತಪ್ಪಿಲ್ಲ. ತೊಂದರೆ ಇರುವುದು ಏರ್‌ವೇ ಬಿಲ್ಲಿನಲ್ಲಿ, ಅಂದರೆ ಪಾರ್ಸಲ್ ಜೊತೆ ಹೋಗುವ ಸಾಗಣೆ ಚೀಟಿಯಲ್ಲಿ. ಕಳಿಸುವವರು ಎಂಬ ಜಾಗದಲ್ಲಿ ನಿಮ್ಮ ಹೆಸರಿನ ಬದಲು ಏಜೆನ್ಸಿಯ ಹೆಸರಿದ್ದರೆ ಆ ಪಾರ್ಸಲ್ ಕಂಪನಿಯಿಂದ ವ್ಯಕ್ತಿಗೆ ಹೋದಂತಾಯಿತು, ಉಡುಗೊರೆ ವಿನಾಯಿತಿ ಹೋಯಿತು. 30 ಪೌಂಡಿನ ಸೀರೆಗೂ ವ್ಯಾಟ್ ಬೀಳುವುದು ಹೀಗೆ. ಎಲ್ಲ ಡಬ್ಬಿಗೂ ಒಂದೇ ಬೆಲೆ, ಒಂದೇ "ಯೂಸ್ಡ್ ಕ್ಲೋತ್ಸ್" ಎಂದು ಬರೆಯುವವರೂ ಇದ್ದಾರೆ. ದುಡ್ಡು ಕೊಡುವ ಮೊದಲು ಬಿಲ್ಲಿನ ಕರಡು ತೋರಿಸಲು ಹೇಳಿ, ನಿಮ್ಮ ಹೆಸರು, ಬೆಲೆ, ವಿವರಣೆ, 'ಗಿಫ್ಟ್, ನಾಟ್ ಫಾರ್ ಸೇಲ್' ಎಂಬ ಸಾಲು ಇವೆಯೇ ನೋಡಿ. ತೋರಿಸಲು ಒಲ್ಲದವರಿಗೆ ಡಬ್ಬಿ ಕೊಡಬೇಡಿ.

ತಿಂಡಿ ಬೇರೆಯೇ ಕಥೆ

ಧಾರವಾಡ ಪೇಡೆಯಿಂದಲೇ ಶುರು ಮಾಡೋಣ, ಎಲ್ಲರೂ ಕೇಳುವುದು ಅದನ್ನೇ. ಪೇಡೆ ಎಂದರೆ ಹಾಲು. ಭಾರತದಿಂದ ಖಾಸಗಿ ಪಾರ್ಸಲ್ಲಿನಲ್ಲಿ ಬರುವ ಹಾಲಿನ ಪದಾರ್ಥಗಳನ್ನು ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಆಸ್ಟ್ರೇಲಿಯಾ ಹಾಲಿನ ಸಿಹಿಗಳ ಬಗ್ಗೆ ದೀಪಾವಳಿ ಬಂದಾಗಲೆಲ್ಲ ಎಚ್ಚರಿಕೆ ಕೊಡುತ್ತದೆ. ಕಾರಣ ಸುಂಕವಲ್ಲ, ದನಕರುಗಳ ಕಾಲುಬಾಯಿ ರೋಗದ ಭಯ. ಎಷ್ಟು ಸುಂಕ ಕಟ್ಟುತ್ತೇವೆಂದರೂ ಪ್ರಯೋಜನವಿಲ್ಲ, ಪೇಡೆ ಕಸದ ಬುಟ್ಟಿಗೆ ಹೋಗುತ್ತದೆ. ಅದರ ಜೊತೆಗಿದ್ದ ಸೀರೆಯೂ ವಾರಗಟ್ಟಲೆ ತಪಾಸಣೆಯಲ್ಲಿ ಕೂರಬಹುದು. ಆದ್ದರಿಂದ ಯಾವ ದೇಶಕ್ಕಾದರೂ ಸರಿ, ತಿಂಡಿಯನ್ನೂ ಬಟ್ಟೆಯನ್ನೂ ಒಂದೇ ಡಬ್ಬಿಗೆ ಹಾಕಬೇಡಿ.

ಹಾಲಿಲ್ಲದ, ಒಣಗಿದ, ಹುರಿದ ತಿಂಡಿಗಳಿಗೆ ದಾರಿ ಸಲೀಸು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಮೂರೂ ಹುರಿದು ಪುಡಿ ಮಾಡಿದವು. ಖಡಕ್ ರೊಟ್ಟಿಯೂ ಹೋಗುತ್ತದೆ, ಮುಟ್ಟುವಷ್ಟರಲ್ಲಿ ಎಷ್ಟು ಚೂರಾಗಿರುತ್ತದೆ ಎಂಬುದು ಬೇರೆ ಪ್ರಶ್ನೆ. ಬ್ಯಾಡಗಿ ಮೆಣಸಿನಕಾಯಿಯನ್ನು ಇಡಿಯಾಗಿ ಕಳಿಸುವುದಕ್ಕಿಂತ ಪುಡಿಯಾಗಿ ಕಳಿಸಿ: ಇಡೀ ಕಾಯಿಯೊಳಗೆ ಬೀಜ ಇರುತ್ತದೆ, ಬೀಜ ಕಂಡರೆ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ತಪಾಸಣೆಯವರು ಬಿತ್ತನೆಯ ಮಾಲು ಎಂದು ಅನುಮಾನಿಸುತ್ತಾರೆ. ಹಾವೇರಿಯ ಏಲಕ್ಕಿ ಹಾರ ಅಲಂಕಾರದ ವಸ್ತುವಾದರೂ ಸಸ್ಯದ ಮಾಲೇ, ಫಾರ್ಮಿನಲ್ಲಿ "ಹಾರ" ಎಂದಷ್ಟೇ ಬರೆಯದೆ ಒಣ ಏಲಕ್ಕಿಯದು ಎಂದು ಸೇರಿಸಿ. ಉಪ್ಪಿನಕಾಯಿ, ತುಪ್ಪ ಬೇಡ. ಸೋರಿದ ಎಣ್ಣೆ ಪಕ್ಕದವರ ಪಾರ್ಸಲ್ಲನ್ನೂ ಕೆಡಿಸುತ್ತದೆ.

ಗಸಗಸೆಯ ಬಗ್ಗೆ ಒತ್ತಿ ಹೇಳಬೇಕು. ನಮ್ಮಲ್ಲಿ ಪಾಯಸಕ್ಕೆ ಹಾಕುವ ಗಸಗಸೆ ಯುಎಇಯಲ್ಲಿ ನಿಷಿದ್ಧ, ಮಾದಕ ವಸ್ತುವಿನ ಸಾಲಿಗೆ ಸೇರಿದ್ದು. ಸಿಂಗಪುರವೂ ಬಿಡುವುದಿಲ್ಲ. ಮಸಾಲೆ ಪುಡಿಯಲ್ಲಿ ಬೆರೆತಿದ್ದರೂ ಕೊಲ್ಲಿ ದೇಶಕ್ಕೆ ಕಳಿಸಬೇಡಿ, ಸಿಕ್ಕಿಬೀಳುವವರು ಅಲ್ಲಿ ಕೆಲಸಕ್ಕಿರುವ ನಿಮ್ಮ ಹುಡುಗ.

ಹೆಚ್ಚಿನ ದೇಶಗಳಿಗೆ ಮನೆಯಲ್ಲಿ ಮಾಡಿದ್ದಕ್ಕಿಂತ, ಸಾಮಗ್ರಿಗಳ ಪಟ್ಟಿ ಇಂಗ್ಲಿಷ್‌ನಲ್ಲಿ ಅಚ್ಚಾದ ಅಂಗಡಿಯ ಸೀಲ್ ಪ್ಯಾಕೆಟ್ ಲೇಸು. ಅಮೆರಿಕಕ್ಕೆ ಒಂದು ವಿಷಯದಲ್ಲಿ ಇದು ತಲೆಕೆಳಗು. ಆಹಾರ ಬರುವ ಮುನ್ನ ಅಲ್ಲಿನ ಆಹಾರ ಇಲಾಖೆಗೆ 'ಪ್ರಯರ್ ನೋಟಿಸ್' ಕೊಡಬೇಕೆಂಬ ನಿಯಮದಿಂದ, ಮನೆಯಲ್ಲಿ ಒಬ್ಬರು ತಾವೇ ಮಾಡಿ ಉಡುಗೊರೆಯಾಗಿ ಕಳಿಸುವ ತಿಂಡಿಗೆ ವಿನಾಯಿತಿ ಇದೆ, ಅಂಗಡಿಯಲ್ಲಿ ಕೊಂಡದ್ದಕ್ಕೆ ಇಲ್ಲ. ಹಾಗೆಂದು ಕೊರಿಯರ್ ಕಂಪನಿ ಒಪ್ಪಲೇಬೇಕೆಂದಿಲ್ಲ, ಎಷ್ಟೋ ಕಡೆ ಮನೆತಿಂಡಿ ಬೇಡವೇ ಬೇಡ ಎನ್ನುತ್ತಾರೆ. ಮೊದಲು ಫೋನ್ ಮಾಡಿ ಕೇಳಿ.

ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ತಿಂಡಿಯನ್ನೇ ಕಳಿಸಬೇಕೆಂಬ ಹಟ ಬಿಡುವುದು ಒಳ್ಳೆಯದು. ಅಲ್ಲಿನ ಭಾರತೀಯ ಅಂಗಡಿಯಿಂದ ಅವರ ಮನೆಗೆ ಆರ್ಡರ್ ಮಾಡಿ, ಸೀರೆ ಇಲ್ಲಿಂದ ಕಳಿಸಿ.

ಹೋಗುವವರ ಬ್ಯಾಗು

ಸುಂಕದ ಮಟ್ಟಿಗೆ ಇದಕ್ಕೆ ಸಮ ಯಾವುದೂ ಇಲ್ಲ, ಪ್ರಯಾಣಿಕರ ಮಿತಿ ಪಾರ್ಸಲ್ಲಿನದಕ್ಕಿಂತ ಬಹಳ ದೊಡ್ಡದು. ಬ್ರಿಟನ್ನಿಗೆ 390 ಪೌಂಡ್, ಯುರೋಪಿಯನ್ ಒಕ್ಕೂಟಕ್ಕೆ ವಿಮಾನದಲ್ಲಿ ಹೋಗುವವರಿಗೆ 430 ಯೂರೋ, ಆಸ್ಟ್ರೇಲಿಯಾಕ್ಕೆ 900 ಡಾಲರ್, ಯುಎಇಗೆ 3,000 ದಿರ್ಹಾಮ್ ಬೆಲೆಯ ಉಡುಗೊರೆ. ಅಮೆರಿಕದಲ್ಲಿ ನೆಲೆಸಿ ರಜೆಗೆ ಬಂದು ಹೋಗುವವರಿಗೆ 800 ಡಾಲರ್, ಆದರೆ ಮಗನ ಮನೆಗೆ ಪ್ರವಾಸಕ್ಕೆ ಹೋಗುವ ತಂದೆತಾಯಿಗೆ ಉಡುಗೊರೆಯ ಮಿತಿ 100 ಡಾಲರ್ ಮಾತ್ರ. ಈ ವ್ಯತ್ಯಾಸ ಹೆಚ್ಚು ಜನಕ್ಕೆ ಗೊತ್ತಿರುವುದಿಲ್ಲ.

ಹಾಲು, ಬೀಜ, ಗಸಗಸೆಯ ನಿಷೇಧ ಬ್ಯಾಗಿಗೂ ಇದೆ. ತಿಂಡಿ ಇದ್ದರೆ ಇಳಿದ ಮೇಲೆ ಘೋಷಿಸಬೇಕು. ಘೋಷಿಸಿದರೆ ಹೆಚ್ಚೆಂದರೆ ಕಿತ್ತುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ, ಆಸ್ಟ್ರೇಲಿಯಾದಲ್ಲಿ ವೀಸಾಕ್ಕೂ ಕುತ್ತು. ಬೇರೆಯವರ ಕೈಯಲ್ಲಿ ಕಳಿಸುವಾಗ ಡಬ್ಬಿ ಸೀಲ್ ಮಾಡಿ ಕೊಡಬೇಡಿ. ಒಳಗಿನದನ್ನು ಅವರ ಎದುರಿಗೇ ತೆರೆದು ತೋರಿಸಿ, ಬಿಲ್ ಕೊಟ್ಟು ಕಳಿಸಿ. ಅವರು ಕೇಳಲು ಸಂಕೋಚಪಟ್ಟುಕೊಂಡರೂ ನೀವೇ ತೋರಿಸಿ.

ಸುಂಕ ತಪ್ಪಾಗಿ ಬಿದ್ದರೆ

ಉಡುಗೊರೆ ಮಿತಿಯೊಳಗಿದ್ದರೂ ತೆರಿಗೆ ಹಾಕಿದ್ದರೆ ಮರಳಿ ಪಡೆಯಲು ದಾರಿ ಇದೆ, ಅರ್ಜಿ ಹಾಕಬೇಕಾದವರು ಪಡೆದವರು. ಬ್ರಿಟನ್ನಿನಲ್ಲಿ ಅಂಚೆಯಿಂದ ಬಂದದ್ದಕ್ಕೆ ಬಿಒಆರ್ 286 ಎಂಬ ಫಾರ್ಮು, ಕೆನಡಾದಲ್ಲಿ ಬಿ2ಜಿ. ಡಬ್ಬಿಯ ಮೇಲಿನ ಕಸ್ಟಮ್ಸ್ ಚೀಟಿ, ತೆರಿಗೆ ಕಟ್ಟಿದ ರಸೀದಿ, ಇಲ್ಲಿನ ಅಂಗಡಿಯ ಬಿಲ್ಲು ಮೂರೂ ಬೇಕಾಗುತ್ತವೆ. ಹಾಗಾಗಿ ಪಾರ್ಸಲ್ ಬಿಚ್ಚಿದ ಖುಷಿಯಲ್ಲಿ ಹೊರಗಿನ ಡಬ್ಬಿ ಹರಿದು ಎಸೆಯಬೇಡಿ ಎಂದು ಫೋನಿನಲ್ಲಿ ಮೊದಲೇ ಹೇಳಿಟ್ಟಿರಿ. ತೆರಿಗೆ ಕಟ್ಟಲೊಲ್ಲೆ ಎಂದು ಅವರು ಪಾರ್ಸಲ್ ತೆಗೆದುಕೊಳ್ಳದಿದ್ದರೆ ಅದು ಕೆಲವು ದಿನ ಅಲ್ಲಿ ಕೂತು ವಾಪಸ್ ಹೊರಡುತ್ತದೆ. ಅಂಚೆ ಪಾರ್ಸಲ್ಲಿನ ಫಾರ್ಮಿನಲ್ಲಿ "ತಲುಪದಿದ್ದರೆ ಏನು ಮಾಡಬೇಕು" ಎಂಬ ಚೌಕ ಇರುತ್ತದೆ, ವಾಪಸ್ ತರುವ ಖರ್ಚು ವಸ್ತುವಿನ ಬೆಲೆಗಿಂತ ಹೆಚ್ಚು ಎನಿಸಿದರೆ 'ಅಬ್ಯಾಂಡನ್' (ಅಲ್ಲೇ ಬಿಟ್ಟುಬಿಡಿ) ಗುರುತು ಹಾಕಿ. ಕಸೂತಿ ಸೀರೆಗೆ ಹಾಕಬೇಡಿ, ಚಟ್ನಿಪುಡಿಗೆ ಹಾಕಬಹುದು.